ಕ್ಯಾಮೆರಾ ನೋಡದ ಒಂದೇ ಒಂದು ಮುಖ

ಬೆಳಗಾವಿಯಲ್ಲಿ ನನ್ನಷ್ಟು ಸಪ್ಪಳವಿಲ್ಲದೆ ಫೋಟೊ ತೆಗೆಯುವವನು ಇನ್ನೊಬ್ಬನಿಲ್ಲ; ಬೆಕ್ಕುಗಳು ನನ್ನ ಹತ್ತಿರ ಟ್ಯೂಷನ್ನಿಗೆ ಬರುತ್ತವೆ. ಆದರೂ ಫಜೀತಿಗಳೆಲ್ಲ ಹುಡುಕಿಕೊಂಡು ಬರುವುದು ನನ್ನನ್ನೇ. ತನ್ನ ಪಾಡಿಗೆ ತಾನಿರುವ ಒಬ್ಬ ಮನುಷ್ಯನ ಫೋಟೊ ನಮ್ಮ ಛಾಯಾಗ್ರಾಹಕರ ಸಂಘದ ಪ್ರದರ್ಶನದಲ್ಲಿ ತೂಗುಹಾಕುತ್ತೇನೆ, ಇಲ್ಲದಿದ್ದರೆ ಕ್ಯಾಮೆರಾ ಮುಟ್ಟುವುದಿಲ್ಲ ಅಂತ ಹೆಂಡತಿಯ ಮುಂದೆ ಆಣೆ ಮಾಡಿದ್ದೆ. ಆಕೆ ಅಂದೇ ಕ್ಯಾಮೆರಾ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಗೆ ಜಾಗ ಅಳೆದಳು.

೧. ರವಿವಾರ ಪೇಟೆ

ಬೆಲ್ಲದಂಗಡಿಯ ಸಾವುಕಾರರು ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದರು. ಮುಖದ ಮೇಲೆ ಎಳೆಬಿಸಿಲು, ಮೂಗಿನ ಮೇಲೆ ನೊಣ. ಉಸಿರು ಬಿಗಿಹಿಡಿದು ಕೂತೆ. ಅವರು ಕಣ್ಣು ಮುಚ್ಚಿಕೊಂಡೇ ಅಂದರು: "ಪಾಸ್‌ಪೋರ್ಟ್ ಸೈಜಿನವು ಎಂಟ ಕಾಪಿ ಮಾಡ್ರಿ. ನೊಣ ಬ್ಯಾಡ."

೨. ಅನಗೋಳ

ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊಮ್ಮಗಳ ತಲೆ ಬಾಚುತ್ತಿದ್ದರು. ಕ್ಯಾಮೆರಾ ಎತ್ತುವಷ್ಟರಲ್ಲಿ, "ಒಂದೀಟ ತಡೀರಿ" ಅಂತ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದರು. ಹಿಂದೆ ಸೊಸೆಯಂದಿರು, ಬಾಜೂ ಮನೆಯವರು, ಜೊತೆಗೆ ಹೊಸ ಮಿಕ್ಸರ್. ಹದಿನೇಳು ಜನರನ್ನು ನಾನೇ ಸಾಲಾಗಿ ನಿಲ್ಲಿಸಿ ನಗಿಸಿದೆ. ಫೋಟೊದಲ್ಲಿ ಮಿಕ್ಸರ್ ಒಂದೇ ಸಹಜವಾಗಿ ಬಂದಿತ್ತು.

೩. ಖಾನಾಪುರ

ಪ್ರದರ್ಶನಕ್ಕೆ ಎರಡೇ ದಿನ. ಖಾನಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಅಜ್ಜ ಚಹಾ ಬಸಿಗೆ ಸುರಿದು ಊದುತ್ತಿದ್ದರು. ಅವರ ಬಸ್ಸು ಬಂತು, ಹೋಯಿತು. ಅವರು ಬಸಿಯಿಂದ ಕಣ್ಣೆತ್ತಲಿಲ್ಲ. ಫೋಟೊ ಹೊಡೆದೆ! ಆಮೇಲೆ ಒಪ್ಪಿಗೆ ಕೇಳಿದಾಗ ಮರಾಠಿಯಲ್ಲಿ ಬೈದು, ಕನ್ನಡದಲ್ಲಿ ಹೂಂ ಅಂದರು. ಪ್ರದರ್ಶನಕ್ಕೂ ಕರೆದೆ.

ಪ್ರದರ್ಶನದ ದಿನ: ಕಪ್ಪು ಬಿಳುಪು ಫೋಟೊ, ದೊಡ್ಡ ಚೌಕಟ್ಟು, ನಡುಗೋಡೆ. ಉದ್ಘಾಟನೆಯ ದೀಪವೂ ಅದರ ಮುಂದೆಯೇ. ಅತಿಥಿಗಳಿಗೆ ತಂದಿದ್ದರಲ್ಲಿ ಒಂದು ಹಾರ ಉಳಿದಿತ್ತು. ಅಭಿಮಾನ ತಡೆಯಲಾರದೆ ಅದನ್ನು ಫೋಟೊಕ್ಕೇ ಏರಿಸಿದೆ. ನೋಡುನೋಡುತ್ತ ಜನ ಚಪ್ಪಲಿ ಬಿಟ್ಟು ಕೈ ಮುಗಿಯತೊಡಗಿದರು. ಒಬ್ಬರು ನನ್ನ ಭುಜ ಸವರಿ ಕೇಳಿದರು: "ಹಿರ್ಯಾರು ಯಾವಾಗ ಹೋದ್ರರೀ?"

ಬೆನ್ನ ಹಿಂದಿನಿಂದ ಉತ್ತರ ಬಂತು: "ಹೋಗಿಲ್ಲರೀ. ಅವತ್ತ ಬಸ್ ತಪ್ಪಿತ್ತು."

ಸಾಕ್ಷಾತ್ ಅಜ್ಜ. ಹಾರ ಇಳಿಸಿ ನನ್ನ ಕೊರಳಿಗೆ ಹಾಕಿ, ಚಹಾ ಎಲ್ಲಿ ಕೊಡ್ತಾರೆ ಅಂತ ಕೇಳಿದರು.

ಆಣೆ ಉಳಿಯಿತು, ಕಪಾಟೂ ಉಳಿಯಿತು. ಅದರ ಬಾಗಿಲಿಗೆ, ಪ್ರದರ್ಶನಕ್ಕೆ ಬಂದಿದ್ದ ಹೆಂಡತಿ ಹಾರ ಬಿದ್ದ ಗಳಿಗೆಯಲ್ಲೇ ಮೊಬೈಲಿನಲ್ಲಿ ತೆಗೆದ ನನ್ನ ಫೋಟೊ ಅಂಟಿಸಿದ್ದಾಳೆ: ಕೊರಳಲ್ಲಿ ಹಾರ, ಬಾಯಿ ತೆರೆದದ್ದು ತೆರೆದ ಹಾಗೆ. ಬಹಳ ಸಹಜವಾಗಿ ಬಂದಿದೆ, ಆ ಮಿಕ್ಸರಿನಷ್ಟೇ.