ಅಲುಗಾಡಬ್ಯಾಡ್ರಿ ಕಾಕಾ

ಎಂ.ಆರ್.ಐ. ಕೋಣೆಯಲ್ಲಿ ಹನ್ನೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಬಂದವರಿಗೆಲ್ಲ ನಾನು ಹೇಳುವುದು ಒಂದೇ ಮಾತು, ‘ಅಲುಗಾಡಬ್ಯಾಡ್ರಿ’. ನಮ್ಮ ಕಲಬುರಗಿ ಕಡೆಯ ಮಂದಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ. ಕಮಲಾಪುರದ ಕಾಕಾ ಬಂದ ದಿನವಂತೂ ನಾನು ಹಟಕ್ಕೇ ಬಿದ್ದೆ.

ಕಾಕಾ ಬಾಳೆತೋಟದವರು. ಬೈಕಿನಿಂದ ಬಿದ್ದ ಮೇಲೆ ಅವರ ಬಲಗೈ ಮೇಲೇಳುತ್ತಿರಲಿಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಹರಿದಿವೆಯೋ ಬರೀ ಊದಿವೆಯೋ ಎಂದು ಸ್ಕ್ಯಾನ್ ಹೇಳಬೇಕಿತ್ತು. ಹರಿದಿದ್ದರೆ ಆಪರೇಷನ್, ಆಮೇಲೂ ಕೈ ಬಂದೀತೆಂಬ ಖಾತ್ರಿ ಇಲ್ಲ. ಚಿತ್ರ ಸರಿಯಾಗಿ ಬರಬೇಕಾದರೆ ನಲವತ್ತು ನಿಮಿಷ ಮಿಸುಕಬಾರದು.

೧. ಉಡದಾರ

‘ಉಂಗುರ, ಉಡದಾರ, ಬೆಲ್ಟು, ಕೀಲಿ ಎಲ್ಲಾ ತಗದು ಹೊರಗ ಇಡ್ರಿ’ ಎಂದು ಹೇಳಿ ಒಳಗೆ ಹೋದೆ. ಬಂದು ನೋಡಿದರೆ ಕಾಕಾನ ಜೊತೆಗೆ ಬಂದ ಆರು ಮಂದಿ ಗಂಡಸರೂ ಎಲ್ಲ ಬಿಚ್ಚಿ ಒಂದೇ ಟವೆಲ್ಲಿನಲ್ಲಿ ಗುಡ್ಡೆ ಹಾಕಿದ್ದರು.

‘ನೀವ್ಯಾಕ ಬಿಚ್ಚಿದ್ರಿ?’ ಎಂದೆ.

‘ಮಾವಾರು ಒಬ್ಬರ ಬಿಚ್ಚಿದ್ರ ಛಂದ ಕಾಣಂಗಿಲ್ಲಲ್ಲ್ರಿ’ ಎಂದರು ಅಳಿಯಂದಿರು, ಜಾರುವ ಪ್ಯಾಂಟನ್ನು ಹಿಡಿದುಕೊಂಡು.

೨. ಬಾಗಿಲು ಬಡಿದವರು

ಮಶೀನು ಟಕ್ ಟಕ್ ಎಂದು ಸುರುವಾಯಿತು. ಒಳಗಿನಿಂದ ಕಾಕಾ, ‘ಯಾರ್ರೀ? ಬರ್ರಿ, ಬರ್ರಿ’ ಎಂದು ಕತ್ತು ಹೊರಳಿಸಿದರು. ಚಿತ್ರದಲ್ಲಿ ನರ ಯಾವುದು, ಮೂಳೆ ಯಾವುದು ತಿಳಿಯಲಿಲ್ಲ.

‘ಕಾಕಾ, ಅದು ಮಶೀನಿನ ಸಪ್ಪಳ, ಯಾರೂ ಬಂದಿಲ್ಲ.’

‘ಗೊತ್ತೈತ್ರಿ. ಆದ್ರ ಅಷ್ಟೊತ್ತು ಬಡದ ಮ್ಯಾಲ ಸುಮ್ನಿರೋದು ಹೆಂಗ್ರಿ?’

೩. ಊಟ

ಕಿವಿಗೆ ಇನ್ನೂ ಗಟ್ಟಿಯಾಗಿ ಹತ್ತಿ ತುರುಕಿ ಮತ್ತೆ ಮಲಗಿಸಿದೆ. ಇಪ್ಪತ್ತು ನಿಮಿಷ ಕಾಕಾ ಕಲ್ಲಿನಂತೆ ಇದ್ದರು. ನನಗೆ ಖುಷಿಯೋ ಖುಷಿ. ಅಷ್ಟರಲ್ಲಿ ಕೈಯಲ್ಲಿ ಕೊಟ್ಟಿದ್ದ ಕರೆಯುವ ಗುಂಡಿ ಒತ್ತಿದರು. ಉಸಿರು ಕಟ್ಟಿತೋ ಏನೋ ಎಂದು ಮಶೀನು ನಿಲ್ಲಿಸಿ ಓಡಿದೆ.

‘ಏನಾತ್ರೀ ಕಾಕಾ?’

‘ಏನಿಲ್ಲ್ರಿ. ಭಾಳ ಹೊತ್ತಾತು, ನಿಮ್ದು ಊಟ ಆತೇನಂತ ಕೇಳಿದೆ.’

ಮತ್ತೆ ಮೊದಲಿನಿಂದ ಸುರು ಮಾಡಬೇಕಾಯಿತು.

೪. ಕಾವಲು

ಈಗ ಕಾಕಾನ ಹೆಂಡತಿ ಎದ್ದರು. ಬಳೆ, ತಾಳಿ ಎಲ್ಲ ಮಗಳ ಕೈಗೆ ಕೊಟ್ಟು, ‘ನಾ ಒಳಗ ಕುಂದುರ್ತೀನಿ. ಈ ಕೈ ಇವರದಷ್ಟ ಅಲ್ಲ, ನಮ್ಮ ಮನೀದು. ಹೆಂಗ ಅಲುಗಾಡ್ತಾರ ನಾನೂ ನೋಡ್ತೀನಿ’ ಎಂದರು. ಅವರ ಮೈಮೇಲೂ ಲೋಹ ಉಳಿದಿಲ್ಲವೆಂದು ಪರೀಕ್ಷಿಸಿ, ಕಿವಿಗೆ ಹತ್ತಿ ಇಟ್ಟು, ಕಾಕಾನ ಕಾಲ ಹತ್ತಿರ ಕೂರಿಸಿದೆ. ಅವರು ಗಂಡನ ಪಾದದ ಮೇಲೆ ಕೈ ಇಟ್ಟರು. ನಲವತ್ತು ನಿಮಿಷ ಕಾಕಾನ ಕಿರುಬೆರಳೂ ಮಿಸುಕಲಿಲ್ಲ.

ಕಾಕಾನ ಕಿವಿಯ ಹತ್ತಿ ತೆಗೆದು, ‘ಆತ್ರೀ ಕಾಕಾ, ಏಳ್ರಿ’ ಎಂದೆ. ಏಳಲಿಲ್ಲ. ತುಟಿ ಮಾತ್ರ ಅಲ್ಲಾಡಿಸಿ, ‘ನೀವು ಹೇಳಿದ್ರ ನಡಿಯಂಗಿಲ್ಲ್ರಿ, ಅಕಿ ಹೇಳ್ಬೇಕು’ ಎಂದರು. ಆಕೆಗೋ ತಮ್ಮ ಕಿವಿಯ ಹತ್ತಿಯಿಂದಾಗಿ ಏನೂ ಕೇಳಿರಲಿಲ್ಲ. ಹತ್ತಿರ ಹೋದ ನನ್ನನ್ನೇ ಕಣ್ಣು ಬಿಟ್ಟು ದೂರ ನಿಲ್ಲಿಸಿದರು. ಹತ್ತಿ ತೆಗೆದ ಮೇಲೆ ಆಕೆ ಕೇಳಿದ್ದು ಒಂದೇ ಮಾತು, ‘ಕೈ ಏಳ್ತದೇನ್ರೀ?’

ಉತ್ತರ ಹೇಳುವುದು ನನ್ನ ಕೆಲಸವಲ್ಲ. ಡಾಕ್ಟರು ಚಿತ್ರ ನೋಡುವವರೆಗೆ ನಾನೂ ಅವರೊಂದಿಗೆ ಬಾಗಿಲಲ್ಲೇ ನಿಂತೆ. ಅವರು ತಿರುಗಿ, ‘ನರ ಹರಿದಿಲ್ಲ, ಊದ್ಯಾವ. ಕೈ ಬರ್ತದ, ತಿಂಗಳುಗಟ್ಟಲೆ ಹಿಡೀತದ. ಸುಮ್ನ ಇಡಬ್ಯಾಡ್ರಿ, ದಿನಾ ಅಲುಗಾಡಸ್ರಿ’ ಎಂದರು.

ಆಕೆ ಕಣ್ಣೊರೆಸಿಕೊಂಡು, ‘ದಿನಾ ಮಾಡ್ತಾರೋ ಇಲ್ಲೋ’ ಎಂದರು.

ಕಾಕಾ ಎದೆಯುಬ್ಬಿಸಿ ಕೂತರು. ‘ಅಲುಗಾಡೋದು ನನಗ ಬಿಡ್ರಿ. ಈ ಮೇಡಂನವರು ಮುಂಜಾನಿಂದ ಬ್ಯಾಡ ಬ್ಯಾಡ ಅಂದ್ರೂ ನಾ ಬಿಟ್ಟಿಲ್ಲ.’