ಒಂದೇ ಒಂದು ಕೆಮ್ಮು

ಕಳೆದ ವಾರ ಮೂವರು ರೋಗಿಗಳು ಆಪರೇಷನ್ ಮುಗಿದು ಎಚ್ಚರಗೊಳ್ಳುವಾಗ ಖೊಕ್ ಖೊಕ್ ಎಂದು ಕೆಮ್ಮಿದ್ದೇ ಅರಿವಳಿಕೆ ಡಾಕ್ಟರಿಗೆ ಮುಳುವಾಯಿತು. ಗಂಟಲಿನಿಂದ ಉಸಿರಿನ ಕೊಳವೆ ಎಳೆಯುವಾಗ ಯಾರಾದರೂ ಕೆಮ್ಮುತ್ತಾರೆ. ಅದನ್ನು ಸರ್ಜನ್ ಸಾಹೇಬರಿಗೆ ಹೇಳುವ ಗಂಡೆದೆ ಮಾತ್ರ ಆ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ.

“ಇವತ್ತಿಂದು ಹರ್ನಿಯಾ. ನಾನು ಸೊಂಟ ಬಗ್ಗಿಸಿ ಹೊಲೀತೀನಿ, ನಿಮ್ಮ ಪೇಷೆಂಟು ಒಂದೇ ಕೆಮ್ಮಿಗೆ ಕಿತ್ತು ಹಾಕ್ತಾನೆ. ಇವತ್ತು ಒಂದೇ ಒಂದು ಕೆಮ್ಮು ಕೇಳಿಸ್ಲಿ, ನಾಳೆಯಿಂದ ನನ್ನ ಥಿಯೇಟರ್ ಕಡೆ ತಲೆ ಹಾಕ್ಬೇಡಿ!”

ಸರ್ಜನ್ ಸಾಹೇಬರು ಇಷ್ಟು ಗುಡುಗಿದ್ದೇ ಸಾಕಾಯಿತು, ಥಿಯೇಟರಿನಲ್ಲಿದ್ದವರೆಲ್ಲ ಉಪದೇಶಕ್ಕೆ ನಿಂತರು.

“ಹಳೇ ಡಾಕ್ಟ್ರು ಕೊಳವೆ ತೆಗೆಯೋವಾಗ ಉಸಿರು ಬಿಗಿ ಹಿಡೀತಿದ್ರು ಸಾರ್. ಒಬ್ರೂ ಕೆಮ್ತಿರ್ಲಿಲ್ಲ,” ಎಂದರು ಸಿಸ್ಟರ್.

“ಯಾರು, ಪೇಷೆಂಟಾ?” ಎಂದರು ಅರಿವಳಿಕೆ ಡಾಕ್ಟರು.

“ಅಲ್ಲ ಸಾರ್, ಡಾಕ್ಟ್ರೇ!”

ತಣ್ಣನೆ ಗಾಳಿಯೇ ಕೆಮ್ಮಿಗೆ ಮೂಲ ಎಂದು ಟೆಕ್ನಿಷಿಯನ್ ಎ.ಸಿ. ಆರಿಸಿಬಿಟ್ಟ. ಹೊಲಿಗೆ ಮುಗಿಯುವಷ್ಟರಲ್ಲಿ ಸರ್ಜನ್ ಸಾಹೇಬರು ಬೆವರಿ ತೊಪ್ಪೆಯಾಗಿದ್ದರು. ಡಾಕ್ಟರು ಮಾತ್ರ ಯಾರ ಮಾತಿಗೂ ಕಿವಿಗೊಡದೆ, ಕೆಮ್ಮು ತಡೆಯುವ ಮದ್ದನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟು, ಕೊಳವೆಗೆ ಕೈ ಹಾಕಿದರು. ಅದೇ ಹೊತ್ತಿಗೆ ಸಿಸ್ಟರ್ ಕೈಯಿಂದ ಟ್ರೇ ಜಾರಿ ಢಣಾರನೆ ಬಿತ್ತು. ಎಲ್ಲರೂ ರೋಗಿಯ ಬಾಯಿಯ ಕಡೆ ತಿರುಗಿದರು. ರೋಗಿಯಾಗಿ ಮಲಗಿದ್ದ ಊರಿನ ಪೋಸ್ಟ್‌ಮಾಸ್ಟರ್ ಬಾಯಿ ಚಪ್ಪರಿಸಿದರು, ಅಷ್ಟೇ. ಕೊಳವೆ ಬೆಣ್ಣೆಯಿಂದ ಕೂದಲು ಎಳೆದಂತೆ ಹೊರಗೆ ಬಂತು.

“ಭೇಷ್!” ಎಂದು ಸರ್ಜನ್ ಡಾಕ್ಟರ ಬೆನ್ನು ತಟ್ಟಿದರು. ಡಾಕ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮಧ್ಯಾಹ್ನ ಇಬ್ಬರೂ ವಾರ್ಡಿಗೆ ಬಂದಾಗ ಅಲ್ಲಿ ರಾದ್ಧಾಂತ ನಡೆದಿತ್ತು.

“ಆಪರೇಷನ್ ಯಾವಾಗ ಶುರು ಮಾಡ್ತಾರಂತೆ?” ಎನ್ನುತ್ತಿದ್ದರು ಪೋಸ್ಟ್‌ಮಾಸ್ಟರ್.

“ಮುಗೀತಂತೆ ಕಣ್ರೀ,” ಎಂದರು ಹೆಂಡತಿ.

“ಯಾರ ಕಿವಿ ಮೇಲೆ ಹೂವಿಡ್ತೀಯ? ನಿನ್ನ ತಮ್ಮ ಆಪರೇಷನ್ ಆಗಿ ಎದ್ದಾಗ ಇಡೀ ವಾರ್ಡು ಎದ್ದು ಕೂತಿತ್ತು, ಹಾಗೆ ಕೆಮ್ಮಿದ್ದ. ನನಗೆ ಗಂಟಲು ಕೂಡ ಕೆರೀತಿಲ್ಲ. ಬರೀ ಪಟ್ಟಿ ಅಂಟಿಸಿ ಕಳಿಸಿದ್ದಾರೆ!”

ಸರ್ಜನ್ ಸಾಹೇಬರ ಮುಖ ಕೆಂಪೇರಿತು. ಹರ್ನಿಯಾ ರೋಗಿ ಎದುರಿಗಿದ್ದರೆ ಅವರ ಕೈ, ಬಾಯಿ ಮೂವತ್ತು ವರ್ಷಗಳಿಂದ ಒಂದೇ ಕೆಲಸ ಮಾಡುತ್ತ ಬಂದಿದ್ದವು. ಈಗಲೂ ಕೈ ತಾನಾಗಿ ಪಟ್ಟಿಯ ಮೇಲೆ ಹೋಯಿತು.

“ಆಪರೇಷನ್ ಆಗಿಲ್ವಾ? ಎಲ್ಲಿ, ಜೋರಾಗಿ ಒಂದ್ಸಲ ಕೆಮ್ಮಿ. ಹರ್ನಿಯಾ ಗಂಟು ಉಬ್ಬಿ ಬರುತ್ತಾ ನೋಡೇಬಿಡೋಣ!”

“ಸಾರ್, ಬೇಡ—” ಎಂದು ಅರಿವಳಿಕೆ ಡಾಕ್ಟರು ಮುನ್ನುಗ್ಗಿದರು.

ಪೋಸ್ಟ್‌ಮಾಸ್ಟರ್ ಮೇಲಧಿಕಾರಿಗಳ ಮಾತು ಮೀರಿದವರೇ ಅಲ್ಲ. ಮಂಚ ಅಲುಗಾಡುವಂತೆ ಕೆಮ್ಮಿದರು. ಬಿಳಿ ಪಟ್ಟಿ ನೋಡನೋಡುತ್ತಿದ್ದಂತೆ ಕೆಂಪಾಯಿತು.

“ಅಯ್ಯಯ್ಯೋ, ಆಪರೇಷನ್ ಆಗಿದೆ ಕಣೇ!” ಎಂದು ಪೋಸ್ಟ್‌ಮಾಸ್ಟರ್ ಚೀರಿದರು.

ಅರ್ಧ ಗಂಟೆಯಲ್ಲಿ ಅವರನ್ನು ಮತ್ತೆ ಥಿಯೇಟರಿಗೆ ತಂದು ಮಲಗಿಸಿದ್ದಾಯಿತು. ಅರಿವಳಿಕೆ ಡಾಕ್ಟರು ಸಿರಿಂಜಿಗೆ ಮದ್ದು ತುಂಬಿಕೊಳ್ಳುತ್ತಿದ್ದಾಗ, ಬಾಗಿಲ ಬಳಿ ಸರ್ಜನ್ ಸಾಹೇಬರು ಸೂಪರಿಂಟೆಂಡೆಂಟರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು.

“ಹೌದು ಸಾರ್, ಇವತ್ತೂ ಅವರ ಪೇಷೆಂಟು ಕೆಮ್ಮಿ ಹೊಲಿಗೆ ಬಿಚ್ಕೊಂಡ. ನಾಳೆಯಿಂದ ಬೇರೆಯವರನ್ನ ಕಳಿಸಿ.”