ರಿಜೆಕ್ಟ್ ಮಾಲಿಗೊಬ್ಬ ರಸಿಕ

ಯಾರಿಗೂ ಬೇಡವಾದ ಸಿನಿಮಾ ಸೀಡಿ, ಹಾಕಿದರೆ ಬೀದಿನಾಯಿ ಎದ್ದು ಹೋಗುವಂಥ ಹಾಡು, ನಾಳೆ ಸುಣ್ಣ ಬಳಿಯಬೇಕೆಂದಿರುವ ಗೋಡೆ, ಇಂಥದ್ದೇನಾದರೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ದುಡುಕಬೇಡಿ. ಸಹಕಾರನಗರಕ್ಕೆ ಬನ್ನಿ. ನಮ್ಮ ಮನೆ ಓನರ್ ಇದ್ದಾರೆ. ಎರಡು ಕೈಯಲ್ಲೂ ಇಸ್ಕೊಳ್ಳುತ್ತಾರೆ!

ಜಗತ್ತು ಚೆನ್ನಾಗಿದೆ ಅಂದದ್ದೆಲ್ಲ ಅವರಿಗೆ ಅಲರ್ಜಿ. ನೂರು ದಿನ ಓಡಿದ ಸಿನಿಮಾ ಅಂದರೆ ಆಕಳಿಸುತ್ತಾರೆ. ಮೂರೇ ದಿನಕ್ಕೆ ಎತ್ತಿದರು ಅಂದರೆ ಕುರ್ಚಿಯ ತುದಿಗೆ ಬರುತ್ತಾರೆ. "ಮೂರೇ ದಿನಾನಾ? ಎಲ್ಲಿ ಸಿಗುತ್ತೆ ಹೇಳ್ರೀ!"

ಇದಕ್ಕೆ ಕಾರಣವಿದೆ. ಅವರು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಲೇತಿನಿಂದ ಇಳಿದ ಕಬ್ಬಿಣದ ತುಂಡುಗಳನ್ನು ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಕೆಲಸ. ಕೆಂಪು ಗೀಟು ಅಂದರೆ ಗುಜರಿಗೆ. ಹಸಿರು ಅಂದರೆ ಪಾಸು, ಗೇಟಿನಾಚೆ ನಿಂತ ಲಾರಿಗೆ. ಹಳದಿ ಅಂದರೆ ರೀವರ್ಕ್: ಎಸೆಯಬೇಡಿ, ಇನ್ನೊಂದು ಸಲ ಕೂರಿಸಿ ಸರಿ ಮಾಡಿ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುತ್ತಿರಲಿಲ್ಲವಂತೆ. ಅವರು ಬರುವುದು ಕಂಡರೆ ಮೆಷಿನ್ನುಗಳೇ ನೆಟ್ಟಗೆ ನಿಲ್ಲುತ್ತಿದ್ದವು ಅಂತ ಅವರ ಹೆಂಡತಿ ಹೇಳುತ್ತಾರೆ.

ರಿಟೈರಾದ ಮೊದಲ ಭಾನುವಾರ ಯಾವುದೋ ದೊಡ್ಡ ಸಿನಿಮಾಕ್ಕೆ ಹೋಗಿ, ಟಿಕೆಟ್ ಸಿಗದೆ, ಪಕ್ಕದ ಪರದೆಯಲ್ಲಿ ನಾಲ್ಕೇ ಜನ ಕೂತಿದ್ದ ಇನ್ನೊಂದಕ್ಕೆ ನುಗ್ಗಿದರಂತೆ. ಅಲ್ಲೇ ಜ್ಞಾನೋದಯ! "ಕ್ಯಾಮೆರಾದವನ ನೆರಳು ಗೋಡೆ ಮೇಲೆ ಕಾಣ್ತಿತ್ತು ಕಣ್ರೀ! ಹೀರೋಯಿನ್ ಅಳ್ತಿದ್ರೆ ಹಿಂದೆ ಯಾವನೋ ಕೆಮ್ತಾನೆ! ಫ್ಯಾಕ್ಟ್ರೀಲಾಗಿದ್ರೆ ಕೆಂಪು ಗೀಟು ಎಳೀತಿದ್ದೆ. ಆದ್ರೆ ನಾನು ಅತ್ತುಬಿಟ್ಟೆ. ಮೂವತ್ನಾಲ್ಕು ವರ್ಷದಲ್ಲಿ ಏನೇನ್ ಗುಜರಿಗೆ ಹಾಕ್ಬಿಟ್ನೋ ಅನ್ನಿಸ್ತು." ಅಂದಿನಿಂದ ಜೇಬಿನಲ್ಲಿ ಮೂರೂ ಸೀಮೆಸುಣ್ಣ ಇಟ್ಟುಕೊಂಡು ಯಾರೂ ನೋಡದ ಸಿನಿಮಾ, ಯಾರೂ ಕೇಳದ ಹಾಡು, ಬೀದಿ ಗೋಡೆಯ ಚಿತ್ರ ಅಂತ ಹುಡುಕಿಕೊಂಡು ತಿರುಗುತ್ತಿದ್ದಾರೆ.

ಇಂಥವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದೆ. ನನ್ನ ವಿಷಯ ಸಣ್ಣದು. ಮಧುಗಿರಿ ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಕ್ಕಿ ಗಿರಣಿಗೆ ಸೇರಿದವನು, ನಲವತ್ತಕ್ಕೆ ಬುದ್ಧಿ ಬಂದು ಹತ್ತನೇ ಕ್ಲಾಸಿಗೆ ಖಾಸಗಿಯಾಗಿ ಕಟ್ಟಿದೆ. ಹುಣಸಮಾರನಹಳ್ಳಿಯ ಟೈಲ್ಸ್ ಗೋಡೌನಿನಲ್ಲಿ ನನ್ನ ಕೆಲಸ. ಅಲ್ಲಿ ಸ್ಟೋರ್‌ಕೀಪರ್ ಕುರ್ಚಿ ಖಾಲಿ ಆಗುವುದರಲ್ಲಿತ್ತು. ಅದರಲ್ಲಿ ಕೂರಲು ಹತ್ತನೇ ಕ್ಲಾಸು ಪಾಸಾಗಿರಬೇಕು. ಎಲ್ಲ ಸಬ್ಜೆಕ್ಟೂ ಪಾಸಾದೆ, ಇಂಗ್ಲಿಷ್ ಒಂದು ಬಿಟ್ಟು. ಅದರಲ್ಲಿ ಎರಡು ಸಲ ಡುಮ್ಕಿ. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಮನೆ ನೋಡಲು ಬಂದ ದಿನ ಓನರ್ ಕನ್ನಡಕದ ಮೇಲಿಂದ ನೋಡಿ "ಏನ್ ಓದಿದೀರಿ?" ಅಂದಾಗ "ಪಿಯುಸಿ ಸಾರ್" ಅಂದುಬಿಟ್ಟೆ. ಕೂದಲೆಳೆ ಅಳೆಯುವ ಮನುಷ್ಯನ ಹತ್ತಿರ ಮೂರು ಕ್ಲಾಸಿನ ಸುಳ್ಳು!

ಎರಡನೇ ತಿಂಗಳು ನಮ್ಮ ಬಾಗಿಲ ಚೌಕಟ್ಟಿನ ಮೇಲೆ ಒಂದು ಹಳದಿ ಗೀಟು ಕಂಡಿತು. ಚೌಕಟ್ಟು ವಾರೆಯಾಗಿದೆ, ರಿಪೇರಿಗೆ ಗುರುತು ಹಾಕಿದ್ದಾರೆ ಅಂದುಕೊಂಡೆ. ಹೆಂಡತಿ ಶುಕ್ರವಾರ ಹೊಸ್ತಿಲು ತೊಳೆಯುವಾಗ ಅದನ್ನೂ ಒರೆಸಿದಳು. ಶನಿವಾರ ಮತ್ತೆ ಬಂತು! ಹೀಗೇ ಒಂದು ವರ್ಷ ಅವಳು ಒರೆಸುವುದು, ಅದು ಬರುವುದು. ಬಡಗಿ ಮಾತ್ರ ಬರಲೇ ಇಲ್ಲ.

ಇನ್ನು ಭಾನುವಾರದ ಕಥೆ ಕೇಳಿ. ಸಂಜೆ ನಾಲ್ಕಕ್ಕೆ ಅವರು ಕೆಳಗಿನಿಂದ ನೀರಿನ ಪೈಪನ್ನು ಚಮಚದಲ್ಲಿ ಮೂರು ಸಲ ಬಡಿಯುತ್ತಾರೆ. ಅಂದರೆ ನಾನು ಇಳಿದು ಬಂದು ಸಿನಿಮಾ ನೋಡಬೇಕು. ಬಾಡಿಗೆ ಕರಾರಿನಲ್ಲಿ ಇದು ಇರಲಿಲ್ಲ. ಆದರೆ ಬಾಡಿಗೆದಾರ ಇಲ್ಲ ಅನ್ನಲು ಆಗುತ್ತದೆಯೇ? ವಾರಕ್ಕೆ ಒಂದೇ ರಜೆ, ಆ ದಿನವೇ ನಾನು ಇಂಗ್ಲಿಷ್ ಓದಬೇಕು, ಆ ದಿನವೇ ಪೈಪು ಬಡಿಯಬೇಕು!

ಸಿನಿಮಾಗಳೋ, ದೇವರೇ! ಯಾವುದೋ ದೇಶದವು, ಯಾವುದೋ ಭಾಷೆಯವು, ಕೆಳಗೆ ಇಂಗ್ಲಿಷ್ ಅಕ್ಷರ. ಒಂದರಲ್ಲಿ ಒಬ್ಬ ಮನುಷ್ಯ ಬೆನ್ನ ಮೇಲೆ ಬಾಗಿಲು ಹೊತ್ತುಕೊಂಡು ಊರೂರು ಅಲೆಯುತ್ತಾನೆ. ಎರಡು ಗಂಟೆ ಅಷ್ಟೇ ಕಥೆ. ಮನೆಗೆ ಬಂದು ಹೇಳಿದರೆ ಹೆಂಡತಿ, "ಅದಕ್ಕೊಂದು ಗೋಡೆ ಬೇಕಲ್ವೇನ್ರೀ ಅಂತ ಯಾರೂ ಕೇಳಲಿಲ್ವಾ?" ಅಂದಳು. ಆಮೇಲೆ ದನಿ ತಗ್ಗಿಸಿ, "ಪರೀಕ್ಷೆ ಹತ್ರ ಬಂತು. ಪುಸ್ತಕ ಬಿಟ್ಟು ಬಾಗಿಲು ಹೊತ್ತವನನ್ನ ನೋಡಕ್ ಹೋಗ್ತೀರಲ್ಲ!" ಅಂದಳು.

ಅದೂ ಎರಡು ಗಂಟೆಯಲ್ಲಿ ಮುಗಿಯುತ್ತಿರಲಿಲ್ಲ. ಓನರಿಗೆ ಒಂದು ಕೆಟ್ಟ ಚಾಳಿ. ಪರದೆ ಮೇಲೆ ಅಕ್ಷರ ಬಂದ ಕೂಡಲೇ ರಿಮೋಟ್ ಒತ್ತಿ ನಿಲ್ಲಿಸುತ್ತಾರೆ. ನನ್ನ ಕಡೆ ತಿರುಗಿ, "ಏನಂದ?" ಅನ್ನುತ್ತಾರೆ. ನಾನು ಬೆವರು ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ, "ಊಟ ಆಯ್ತಾ ಅಂತಾನೆ ಸಾರ್" ಅನ್ನುತ್ತೇನೆ. "ಸರಿಯಾಗ್ ನೋಡ್ರೀ. ಸತ್ತೋದ್ನಾ ಅಂತಿದಾನೆ." ಮತ್ತೆ ಚಾಲೂ. ಮತ್ತೆ ನಿಲ್ಲಿಸು. ಬಾಗಿಲು ಹೊತ್ತವನು ಒಂದು ಸೇತುವೆ ದಾಟಲು ನಮ್ಮಲ್ಲಿ ಎರಡು ಸಲ ಕಾಫಿ ಆಗಿರುತ್ತಿತ್ತು. ಓನರ್ ಹೆಂಡತಿ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ, "ಅವನಿಗೆ ಭುಜ ನೋಯಲ್ವೇ, ಮುಂದಕ್ ಬಿಡ್ರೀ ಪಾಪ!" ಎಂದು ಗೋಳಾಡುತ್ತಿದ್ದರು. ಆಮೇಲಾಮೇಲೆ ಓನರ್ ನಿಲ್ಲಿಸುವುದು ಕಡಿಮೆಯಾಯಿತು. ವಯಸ್ಸಾಯಿತಲ್ಲ, ಬೆರಳು ನೋವಿರಬೇಕು ಅಂದುಕೊಂಡೆ.

ಸಿನಿಮಾ ಒಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಒಂದು ಸಂಜೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೆಬ್ಬಾಳದ ಒಂದು ನೆಲಮಾಳಿಗೆಗೆ ಕರೆದೊಯ್ದರು. ಅಲ್ಲಿ ನಾಲ್ವರು ಗಡ್ಡದ ಯುವಕರು ಗಿಟಾರಿನ ಜೊತೆ ಒಂದು ಕಬ್ಬಿಣದ ನೀರಿನ ಡ್ರಮ್ ಬಡಿಯುತ್ತಾ, ಅರ್ಧ ಕನ್ನಡ ಅರ್ಧ ದಖನಿ ಉರ್ದುವಿನಲ್ಲಿ ಟ್ಯಾಂಕರ್ ನೀರಿನ ಬಗ್ಗೆ ಕಿರುಚುತ್ತಿದ್ದರು. ನನ್ನ ಎದೆ ಡ್ರಮ್ಮಿನ ಜೊತೆ ಹಾರುತ್ತಿತ್ತು. ಓನರ್ ಕಣ್ಣು ಮುಚ್ಚಿ ಕೇಳಿ, ಹಾಡು ಮುಗಿದ ಮೇಲೆ ಎದ್ದು ನಿಂತರು. "ಮೂರನೇ ಸಾಲಲ್ಲಿ ಶ್ರುತಿ ಬಿಟ್ಟೆ ಕಣಪ್ಪ. ಪರವಾಗಿಲ್ಲ, ಲಿಮಿಟ್ ಒಳಗಿದೆ."

ಹಾಡಿದವನು ಬೆವರು ಒರೆಸುತ್ತಾ, "ಅಂಕಲ್, ನೀವು ಪೇಪರ್‌ನವ್ರಾ?" ಅಂದ.

"ಅಲ್ಲಪ್ಪ, ಇನ್‌ಸ್ಪೆಕ್ಟ್ರು."

ಅಷ್ಟೇ! ಇಬ್ಬರು ಡ್ರಮ್ಮಿನ ಹಿಂದೆ ಬಗ್ಗಿದರು, ಒಬ್ಬ ಗಿಟಾರ್ ಸಮೇತ ಹಿಂಬಾಗಿಲಿಂದ ಹೋದವನು ಬರಲೇ ಇಲ್ಲ. ವಾಪಸ್ ಬರುವಾಗ ಓನರ್ ಸಿಗ್ನಲ್ಲಿನಲ್ಲಿ ತಿರುಗಿ, "ಯಾಕ್ರೀ ಬೇಗ ಮುಗಿಸ್ಬಿಟ್ರು?" ಅಂತ ನನ್ನನ್ನೇ ಕೇಳಿದರು!

ಗೋಡೆಗಳ ವಿಷಯ ಇನ್ನೂ ಕಷ್ಟ. ಫ್ಲೈಓವರ್ ಕಂಬಗಳ ಮೇಲೆ ಯಾರ್‍ಯಾರೋ ಚಿತ್ರ ಬರೆದಿರುತ್ತಾರಲ್ಲ, ಅವನ್ನು ಹುಡುಕಿ ಮೂಲೆಯಲ್ಲಿ ಸೀಮೆಸುಣ್ಣದ ಗೀಟು ಹಾಕುವುದು ಇವರ ಹವ್ಯಾಸ. ಸೊಪ್ಪಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿಯ ಚಿತ್ರ ಇತ್ತು. ಬುಟ್ಟಿಯೊಳಗೆ ಸೊಪ್ಪಿನ ಬದಲು ನೀಲಿ ಆಕಾಶ. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗುತ್ತಿದ್ದೆ, ಕಂಡಿರಲಿಲ್ಲ. ಓನರ್ ಕರೆದೊಯ್ದು ತೋರಿಸಿದ ದಿನ ಮಾತ್ರ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಟ್ರಾಫಿಕ್ ಪೊಲೀಸ್ ಬಂದು, "ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಗೋಡೆ ಮೇಲೆ ಗೀಚ್ತೀರಾ?" ಅಂದ. "ಗೀಚಿದ್ದು ಬೇರೆಯವರು. ನಾನು ಪಾಸ್ ಮಾಡ್ತಿದೀನಿ," ಅಂದರು ಇವರು.

ಸಾಲದು ಅಂತ ತಮ್ಮ ಕಾಂಪೌಂಡಿಗೇ ಆರ್‌.ಟಿ. ನಗರದ, ಗೋಡೆಗೆ ಚಿತ್ರ ಬರೆಯುವ ಒಬ್ಬ ಹುಡುಗಿಯನ್ನು ಕರೆಸಿದರು. "ಅಂಕಲ್, ಏನ್ ಹಾಕ್ಲಿ? ನವಿಲು? ಕಮಲ?" ಎಂದಳು. "ಯಾರೂ ಹಾಕಿಸ್ಕೊಳ್ಳಲ್ಲ ಅಂತಾರಲ್ಲ, ಅದನ್ನ ಹಾಕಮ್ಮ." ಅವಳು ಉದ್ದಕ್ಕೂ ಒಂದು ಎಮ್ಮೆ ಬರೆದಳು. ಕನ್ನಡಕ ಹಾಕಿದ ಎಮ್ಮೆ! ಮಾರನೇ ದಿನ ಬಡಾವಣೆ ಸಂಘದ ಕಾರ್ಯದರ್ಶಿ ಹಾಜರ್. "ಸಾರ್, ಇದು ಫ್ಯಾಮಿಲಿ ಇರೋ ಏರಿಯಾ."

"ಇದಕ್ಕೂ ಫ್ಯಾಮಿಲಿ ಇದೆ ಕಣ್ರೀ. ಗೇಟ್ ಪಕ್ಕ ನೋಡಿ, ಕರು."

ಈ ಗಲಾಟೆಗಳ ನಡುವೆಯೇ ನನ್ನ ಪರೀಕ್ಷೆ ಬಂತು. ಹಾಲ್ ಬಾಗಿಲಲ್ಲಿ ಮೇಡಂ, "ಪೇರೆಂಟ್ಸ್ ಎಲ್ಲ ಹೊರಗಿರಿ" ಅಂದರು. ಹಾಲ್ ಟಿಕೆಟ್ ತೋರಿಸಿ, ತಲೆ ತಗ್ಗಿಸಿ ಕೂತೆ. ಪ್ರಶ್ನೆಪತ್ರಿಕೆಯಲ್ಲಿ ಉದ್ದನೆಯ ಒಂದು ಪ್ಯಾರಾ, ಓದಿ ಉತ್ತರಿಸಬೇಕು. ಹಿಂದಿನ ಎರಡು ಸಲ ನಾನು ಮುಗ್ಗರಿಸಿದ್ದು ಇಲ್ಲೇ. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದು ಹೋಗುತ್ತಿದ್ದವು. ಈ ಸಲ ಮೊದಲ ಸಾಲು ಕಂಡ ಕೂಡಲೇ ಕಿವಿಯಲ್ಲಿ, "ಏನಂದ?" ಅಂತು. ಸಾಲು ನಿಂತಿತು. ಓದಿದೆ. ಗೊತ್ತಾಯಿತು! ಮುಂದಿನ ಸಾಲು. "ಏನಂದ?" ಅದೂ ನಿಂತಿತು. ಬೆಲ್ ಹೊಡೆಯುವ ಮೊದಲೇ ಮುಗಿಸಿ ಕಿಟಕಿ ನೋಡುತ್ತಾ ಕೂತಿದ್ದೆ ಅಂದರೆ ನಂಬುತ್ತೀರಾ?

ರಿಸಲ್ಟ್ ಬಂದ ದಿನ ಗೋಡೌನಿನಲ್ಲಿ ಟೈಲ್ಸ್ ಪೆಟ್ಟಿಗೆ ಮೇಲೆ ಕೂತು ಫೋನಿನಲ್ಲಿ ನೋಡಿದೆ. ಪಾಸು. ಮತ್ತೆ ನೋಡಿದೆ. ಪಾಸೇ. ಎಷ್ಟೋ ವರ್ಷದಿಂದ ಬೆನ್ನ ಮೇಲೆ ಹೊತ್ತಿದ್ದ ಬಾಗಿಲನ್ನು ಯಾರೋ ಹಿಂದಿನಿಂದ ಮೆಲ್ಲಗೆ ಇಳಿಸಿಕೊಂಡ ಹಾಗಾಯಿತು.

ಆ ಸಂಜೆ ಮೈಸೂರು ಪಾಕ್ ಹಿಡಿದು, ಸುಳ್ಳನ್ನೂ ಒಪ್ಪಿಬಿಡೋಣ ಅಂತ ಹೆಂಡತಿಯ ಜೊತೆ ಕೆಳಗಿಳಿದೆ. "ಸಾರ್, ನಾನು ಪಿಯುಸಿ ಅಂದಿದ್ದು..."

"ಗೊತ್ತು ಕಣ್ರೀ. ನೀವು ಬಂದ ಮೊದಲ್ನೇ ತಿಂಗಳೇ ಸ್ಕೂಲಿಂದ ಕಾಗದ ಬಂದಿತ್ತು. ಇಂಗ್ಲಿಷ್ ಮತ್ತೆ ಕಟ್ಟಿ ಅಂತ. ಪೋಸ್ಟ್‌ಮ್ಯಾನ್ ನನ್ನ ಡಬ್ಬಕ್ಕೆ ಹಾಕ್ಬಿಟ್ಟಿದ್ದ. ಓದಬಾರ್ದಿತ್ತು, ಓದ್ದೆ. ಆಮೇಲೆ ನಿಮ್ಮ ಬಾಗಿಲ ಕೆಳಗೆ ತೂರಿಸ್ದೆ."

ಅವರ ಹೆಂಡತಿ ಒಳಗಿನಿಂದ, "ಆ ಸಿನಿಮಾಗಳೆಲ್ಲ ಇವರು ಮೊದಲೇ ನೋಡಿದ್ದೇ ಕಣಪ್ಪಾ! ನಿನ್ನ ಸಲುವಾಗಿ ನಾನು ಬಾಗಿಲು ಹೊತ್ತವನನ್ನ ಐದೈದು ಗಂಟೆ ನೋಡ್ಬೇಕಾಯ್ತು!" ಎಂದರು.

"ಪಾಠ ಹೇಳ್ಕೊಡ್ತೀನಿ ಬನ್ನಿ ಅಂದಿದ್ರೆ ಬರ್ತಿದ್ರಾ?" ಓನರ್ ಕೇಳಿದರು.

"ಇಲ್ಲ ಸಾರ್. ಮನೆ ಖಾಲಿ ಮಾಡ್ತಿದ್ದೆ."

"ಮತ್ತೆ?"

ಸ್ವಲ್ಪ ಹೊತ್ತಿನ ಮೇಲೆ ಅವರು ಒಂದು ಒದ್ದೆ ಬಟ್ಟೆ ಹಿಡಿದು, ಮಂಡಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಚೌಕಟ್ಟಿನ ಹಳದಿ ಗೀಟನ್ನು ಉಜ್ಜಿ ಉಜ್ಜಿ ಒರೆಸಿದರು. ಆ ಗೀಟು ಬಾಗಿಲಿಗೆ ಹಾಕಿದ್ದಲ್ಲ ಅಂತ ನನಗೆ ಹೊಳೆದದ್ದು ಆಗಲೇ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹಸಿರು ಹಾಕಲ್ವಾ ಸಾರ್?" ಅಂದಳು.

ಅವರು ಜೇಬು ತಡಕಿ ಹಸಿರು ಸೀಮೆಸುಣ್ಣ ತೆಗೆದರು. ನೋಡಿದರು. ಮತ್ತೆ ಜೇಬಿಗೇ ಹಾಕಿಕೊಂಡರು.

"ಹಸಿರು ಬಿದ್ರೆ ಮಾಲು ಗೇಟ್ ದಾಟಿ ಹೊರಟೋಗುತ್ತಮ್ಮ. ನೀವು ಇಲ್ಲೇ ಇರಿ."